ಬೆರೆಯದ ಎರಡು ಪಾಲಿಮರ್‌ಗಳು ಹರಳುಗಟ್ಟುವ ಬಗೆ

ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ) ಎಂಬ ಜೈವಿಕ ಪ್ಲಾಸ್ಟಿಕ್ಕಿನ ಪಾರದರ್ಶಕ ಲೋಟಕ್ಕೆ ಬಿಸಿ ಕಾಫಿ ಸುರಿದರೆ ಅದು ಕೈಯಲ್ಲೇ ಮೆತ್ತಗಾಗಿ ವಾಲುತ್ತದೆ. ತಣ್ಣನೆಯ ಹಣ್ಣಿನ ರಸಕ್ಕೆ ಅದೇ ಲೋಟ ಗಟ್ಟಿಮುಟ್ಟು. ಮೆಕ್ಕೆಜೋಳದ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ತಯಾರಾಗುವ ಈ ಪಾಲಿಮರ್, ಅಂದರೆ ಸರಪಳಿಯಂಥ ಉದ್ದನೆಯ ಅಣುಗಳ ವಸ್ತು, ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಅದು ಕರಗುವುದು ಮಾತ್ರ 170 ಡಿಗ್ರಿಯ ಆಸುಪಾಸಿನಲ್ಲಿ. ಇವೆರಡರ ನಡುವಿನ ನೂರು ಡಿಗ್ರಿಗಳ ಉದ್ದಕ್ಕೂ ಲೋಟವನ್ನು ನೆಟ್ಟಗೆ ನಿಲ್ಲಿಸಬಲ್ಲದ್ದು ಅದರೊಳಗಿನ ಹರಳುಗಳು, ಅಂದರೆ ಸರಪಳಿಗಳು ಸಾಲಾಗಿ ಜೋಡಣೆಯಾದ ಭಾಗಗಳು ಮಾತ್ರ. ಚೆನ್ನಾಗಿ ಹರಳುಗಟ್ಟಿದ ಪಿಎಲ್‌ಎ ಕುದಿಯುವ ನೀರನ್ನೂ ತಡೆದುಕೊಳ್ಳುತ್ತದೆ.

ಹಾಗಿದ್ದರೆ ಹರಳುಗಟ್ಟಿಸಿಯೇ ಲೋಟ ಮಾಡಬಾರದೇಕೆ? ತೊಡಕಿರುವುದು ಸಮಯದಲ್ಲಿ. ಪಿಎಲ್‌ಎಯ ಉದ್ದನೆಯ ಸರಪಳಿಗಳು ಸುಲಭವಾಗಿ ಬಾಗುವಂಥವಲ್ಲ. ಮಡಿಚಿಕೊಂಡು ಸಾಲಾಗಿ ಕೂರುವುದಕ್ಕೆ ಅವು ಹೊತ್ತು ತೆಗೆದುಕೊಳ್ಳುತ್ತವೆ. ಎಲ್ಲಕ್ಕಿಂತ ಅನುಕೂಲದ 105–110 ಡಿಗ್ರಿಯಲ್ಲಿ ಇಟ್ಟರೂ ಒಳ್ಳೆಯ ಗ್ರೇಡಿಗೆ ಕೆಲವು ನಿಮಿಷಗಳು ಬೇಕು. ಲ್ಯಾಕ್ಟಿಕ್ ಆಮ್ಲದ ಎಲ್ ರೂಪದ ನಡುವೆ ಅದರ ಕನ್ನಡಿ ಬಿಂಬದಂಥ ಡಿ ರೂಪ ಶೇ. 4ರಷ್ಟು ಸೇರಿಕೊಂಡಿದ್ದರೆ ಹತ್ತಾರು ನಿಮಿಷಗಳೇ ಬೇಕಾಗುತ್ತವೆ. ಕಾರ್ಖಾನೆಯ ತಣ್ಣನೆಯ ಅಚ್ಚಿನಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಇದನ್ನು ನನಗೆ ಮನದಟ್ಟು ಮಾಡಿದವರು ಪೀಣ್ಯದಲ್ಲಿ ಚಮಚ, ಮುಚ್ಚಳಗಳ ಅಚ್ಚು ಹಾಕುವ ಸಣ್ಣ ಘಟಕವೊಂದರ ಮಾಲೀಕರು. 2022ರ ಜುಲೈ 1ರಿಂದ ದೇಶದಾದ್ಯಂತ ಏಕಬಳಕೆಯ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ ನಿಷೇಧ ಬಂದ ಮೇಲೆ ಅವರು ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿನ ಹುಡುಕಾಟದಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ನಾನು ಪಿಎಚ್‌ಡಿಗೆ ಸೇರಿದ ಹೊಸತು. ಬಿಸಿ ಅಚ್ಚಿನಲ್ಲಿ ಐದು ನಿಮಿಷ ಬಿಟ್ಟರೆ ಚಮಚ ಬಾಗುವುದಿಲ್ಲ ಎಂದು ಹುರುಪಿನಿಂದ ವಿವರಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. "ಮೇಡಂ, ನೀವು ಹೇಳುವುದು ಸರಿ ಇರಬಹುದು. ನನ್ನ ಮೆಷಿನ್‌ನಲ್ಲಿ ಒಂದು ಶಾಟ್‌ಗೆ ಅರ್ಧ ನಿಮಿಷ. ಐದು ನಿಮಿಷ ಕಾಯುತ್ತಾ ಕೂತರೆ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ" ಎಂದರು. ನನ್ನ ಪ್ರಬಂಧದ ಪ್ರಶ್ನೆ ರೂಪುಗೊಂಡಿದ್ದು ಆ ಅರ್ಧ ನಿಮಿಷದಿಂದ.

ಪಿಎಲ್‌ಎ ಜೊತೆಗೆ ಸೇರಿಸಲು ನಾವು ಆರಿಸಿಕೊಂಡದ್ದು ಪಿಬಿಎಸ್, ಅಂದರೆ ಪಾಲಿಬ್ಯುಟಿಲೀನ್ ಸಕ್ಸಿನೇಟ್. ಇದೂ ಗೊಬ್ಬರವಾಗಬಲ್ಲ ಪಾಲಿಎಸ್ಟರೇ, ಗುಣ ಮಾತ್ರ ಪೂರ್ತಿ ಬೇರೆ. ಇದು 114 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಇದರ ಸರಪಳಿಗಳ ಚಲನೆ ನಿಲ್ಲುವುದು ಸೊನ್ನೆಗಿಂತ ಮೂವತ್ತು ಡಿಗ್ರಿಯಷ್ಟು ಕೆಳಗೆ, ಹಾಗಾಗಿ ಕೋಣೆಯ ತಾಪಮಾನದಲ್ಲಿ ಮೆದುವಾಗಿ, ಸುಲಭಕ್ಕೆ ಮುರಿಯದಂತೆ ಇರುತ್ತದೆ. ಮುಖ್ಯವಾದ ಸಂಗತಿಯೆಂದರೆ, ತಣಿಸುವಾಗ ತಡಮಾಡದೆ ಹರಳುಗಟ್ಟುತ್ತದೆ. ಪಿಎಲ್‌ಎ ಮುರುಕು ಸ್ವಭಾವದ್ದು. ಪಿಬಿಎಸ್ ಸೇರಿಸಿದರೆ ಆ ಮುರುಕುತನ ತಗ್ಗುತ್ತದೆಂಬುದು ಮೊದಲೇ ತಿಳಿದಿದ್ದ ವಿಷಯ. ಬೇಗ ಹರಳುಗಟ್ಟುವ ಇದು ನಿಧಾನದ ಪಿಎಲ್‌ಎಗೂ ನೆರವಾಗುತ್ತದೆಯೇ, ಆಗುವುದಾದರೆ ಹೇಗೆ ಎಂಬುದನ್ನು ನಾನು ನೋಡಬೇಕಿತ್ತು.

ಮಿಶ್ರಣ ತಯಾರಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಣಗಿಸುವುದು. ಎರಡೂ ಪಾಲಿಎಸ್ಟರ್‌ಗಳಾದ್ದರಿಂದ ಪ್ಲಾಸ್ಟಿಕ್ ಕಾಳುಗಳಲ್ಲಿ ತುಸು ತೇವ ಉಳಿದರೂ 190 ಡಿಗ್ರಿಯಲ್ಲಿ ಆ ನೀರು ಸರಪಳಿಗಳನ್ನು ಕತ್ತರಿಸುತ್ತದೆ. ಗಿಡ್ಡ ಸರಪಳಿಗಳು ಸಲೀಸಾಗಿ ಚಲಿಸಿ ಬೇಗ ಹರಳುಗಟ್ಟುತ್ತವೆ. ಆ ವೇಗವನ್ನು ಪಿಬಿಎಸ್ ತಂದ ಲಾಭವೆಂದು ಬಗೆದರೆ ಇಡೀ ಕೆಲಸ ದಾರಿ ತಪ್ಪುತ್ತದೆ. ಆದ್ದರಿಂದ ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸುವುದು, ಬೆಳಿಗ್ಗೆ ಬಿಸಿಯಾಗಿರುವಾಗಲೇ ಮಿಕ್ಸರಿಗೆ ಹಾಕುವುದು, ಹೋಲಿಕೆಗಾಗಿ ಬರಿಯ ಪಿಎಲ್‌ಎಯನ್ನೂ ಅದೇ ಮಿಕ್ಸರಿನಲ್ಲಿ ಅಷ್ಟೇ ಹೊತ್ತು ಅರೆಯುವುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಮಳೆಗಾಲದಲ್ಲಂತೂ ಕಾಳಿನ ಚೀಲದ ಬಾಯಿ ತೆರೆಯಲೂ ಯೋಚಿಸಬೇಕು.

ಕರಗಿದ ಪಿಎಲ್‌ಎ ತಿಳಿಯಾಗಿ ಹೊಳೆಯುತ್ತದೆ. ಕರಗಿದ ಪಿಬಿಎಸ್ ಕೂಡ ತಿಳಿಯೇ. ಎರಡನ್ನೂ ಸೇರಿಸಿ ಅರೆದಾಗ ಸಿಗುವುದು ಹಾಲು ಬಿಳಿಯ ಮುದ್ದೆ. ಅವು ಒಂದರಲ್ಲೊಂದು ಕರಗುವುದಿಲ್ಲ ಎನ್ನುವುದು ಬರಿಗಣ್ಣಿಗೇ ತಿಳಿಯುತ್ತದೆ. ತುಂಡನ್ನು ದ್ರವ ಸಾರಜನಕದಲ್ಲಿ ಅದ್ದಿ ಮುರಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ನೂರಕ್ಕೆ ಇಪ್ಪತ್ತು ಪಾಲು ಪಿಬಿಎಸ್ ಇರುವ ಮಾದರಿಯಲ್ಲಿ ಪಿಎಲ್‌ಎ ನಡುವೆ ಪಿಬಿಎಸ್‌ನ ದುಂಡು ಹನಿಗಳು ಕಂಡವು. ಎರಡೂ ಸಮಪಾಲಾದಾಗ ಹನಿಗಳು ಹೋಗಿ, ಎರಡೂ ಒಂದರೊಳಗೊಂದು ಹೆಣೆದುಕೊಂಡಿದ್ದವು.

ಈ ಕೆಲಸದ ಜೀವಾಳ ಡಿಎಸ್‌ಸಿ (ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್) ಯಂತ್ರ. ಮಾದರಿಯನ್ನು ನಿಗದಿತ ವೇಗದಲ್ಲಿ ಕಾಯಿಸುತ್ತಾ, ತಣಿಸುತ್ತಾ ಅದು ಎಷ್ಟು ಶಾಖವನ್ನು ಹೀರಿತು, ಎಷ್ಟನ್ನು ಹೊರಬಿಟ್ಟಿತು ಎಂದು ಇದು ಅಳೆಯುತ್ತದೆ. ಕರಗುವಾಗ ಶಾಖ ಒಳಹೋಗುತ್ತದೆ, ಹರಳುಗಟ್ಟುವಾಗ ಹೊರಬರುತ್ತದೆ. ಐದು ಮಿಲಿಗ್ರಾಂನಷ್ಟು ಚೂರನ್ನು ತೂಗಿ, ಬೆರಳುಗುರಿಗಿಂತ ಚಿಕ್ಕದಾದ ಅಲ್ಯೂಮಿನಿಯಂ ಪ್ಯಾನಿನಲ್ಲಿಟ್ಟು, ಮುಚ್ಚಳ ಹಾಕಿ ಪ್ರೆಸ್ಸಿನಲ್ಲಿ ಒತ್ತಬೇಕು. ಚೂರು ಪ್ಯಾನಿನ ತಳಕ್ಕೆ ಚಪ್ಪಟೆಯಾಗಿ ಕೂತಿರಬೇಕು, ಇಲ್ಲವಾದರೆ ಯಂತ್ರ ಪರದೆಯ ಮೇಲೆ ಎಳೆಯುವ ಶಾಖದ ಗೆರೆ ಅಲುಗಾಡುತ್ತದೆ. ಯಂತ್ರವನ್ನು ನೋಡಿಕೊಳ್ಳುವ ಹಿರಿಯ ತಂತ್ರಜ್ಞರದು ದಿನಾ ಬೆಳಿಗ್ಗೆ ಒಂದೇ ಮಾತು: "ಮೊದಲು ಇಂಡಿಯಮ್ ಹಾಕಮ್ಮ, ಆಮೇಲೆ ನಿನ್ನ ಸ್ಯಾಂಪಲ್." ಇಂಡಿಯಮ್ ಲೋಹ ಸರಿಯಾಗಿ 156.6 ಡಿಗ್ರಿಯಲ್ಲಿ, ಪ್ರತಿ ಗ್ರಾಂಗೆ 28.5 ಜೂಲ್ ಹೀರಿ ಕರಗಬೇಕು. ಈ ಎರಡು ಸಂಖ್ಯೆಗಳು ಬರುವವರೆಗೆ ಅವರು ಯಾರಿಗೂ ಯಂತ್ರವನ್ನು ಬಿಟ್ಟುಕೊಡುತ್ತಿರಲಿಲ್ಲ. ಅವರ ಆ ಹಟದಿಂದಾಗಿಯೇ ಬೇರೆ ಬೇರೆ ತಿಂಗಳುಗಳಲ್ಲಿ ತೆಗೆದ ಗೆರೆಗಳನ್ನು ನಾನು ಧೈರ್ಯವಾಗಿ ಅಕ್ಕಪಕ್ಕ ಇಟ್ಟು ನೋಡಬಹುದಾಗಿತ್ತು.

ಬರಿಯ ಪಿಎಲ್‌ಎಯನ್ನು 200 ಡಿಗ್ರಿಗೆ ಕರಗಿಸಿ ತಟ್ಟನೆ ತಣಿಸಿದರೆ ಹರಳೇ ಮೂಡುವುದಿಲ್ಲ. ಅದನ್ನು ಮತ್ತೆ ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಕಾಯಿಸಿದಾಗ 60ರ ಬಳಿ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಅಲ್ಲಿಂದ ಸರಪಳಿಗಳಿಗೆ ಚಲನೆ ಬರುತ್ತದೆ. ಮುಂದೆ 115ರ ಸುಮಾರಿಗೆ ಗೆರೆ ಉಬ್ಬುತ್ತದೆ: ಕಾಯಿಸುತ್ತಿರುವಾಗಲೇ ಪಿಎಲ್‌ಎ ಹರಳುಗಟ್ಟುತ್ತಿದೆ. ಇದಕ್ಕೆ ಶೀತ ಹರಳುಗಟ್ಟುವಿಕೆ ಎನ್ನುತ್ತಾರೆ. ಕೊನೆಗೆ 170ರ ಬಳಿ ಆ ಹರಳುಗಳೇ ಕರಗುವ ತಗ್ಗು.

ಇಪ್ಪತ್ತು ಪಾಲು ಪಿಬಿಎಸ್ ಇದ್ದ ಮಾದರಿಯಲ್ಲಿ ಆ ಉಬ್ಬು ನೂರು ಡಿಗ್ರಿಗಿಂತ ಕೆಳಗೆ ಬಂದಿತ್ತು. ಅಂದರೆ ಪಿಎಲ್‌ಎ ಮೊದಲಿಗಿಂತ ಬೇಗ ಹರಳುಗಟ್ಟಲು ಶುರುಮಾಡಿತ್ತು. ಗೆರೆ ಪರದೆಯ ಮೇಲೆ ಮೂಡುತ್ತಿದ್ದಂತೆ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಗೈಡ್ ಬಂದು ನೋಡಿ, "ಇಪ್ಪತ್ತರದ್ದು ಸರಿ, ಐದು ಪಾಲಿನದ್ದು ಎಲ್ಲಿ?" ಎಂದರು.

ಐದು ಪಾಲಿನ ಮಾದರಿಯಲ್ಲಿ ಪಜೀತಿ ಇತ್ತು. ಅದರಲ್ಲಿ ಪಿಎಲ್‌ಎಯ ಉಬ್ಬು 110ರ ಆಚೀಚೆ ಬರುತ್ತದೆ. ಪಿಬಿಎಸ್ ಕರಗುವ ತಗ್ಗೂ 114ರಲ್ಲೇ. ಒಂದು ಶಾಖವನ್ನು ಹೊರಬಿಡುತ್ತಿದೆ, ಇನ್ನೊಂದು ಅದೇ ಹೊತ್ತಿಗೆ ಹೀರುತ್ತಿದೆ. ಯಂತ್ರಕ್ಕೆ ಕಾಣುವುದು ಇವುಗಳ ಮೊತ್ತ ಮಾತ್ರ. ಎರಡೂ ಒಂದನ್ನೊಂದು ತಿಂದುಹಾಕಿ ಗೆರೆಯಲ್ಲಿ ಸೊಟ್ಟ ಭುಜವೊಂದು ಉಳಿದಿತ್ತು. ಅದರ ವಿಸ್ತೀರ್ಣ ತೆಗೆದು ಶೇಕಡಾ ಇಷ್ಟು ಹರಳು ಎಂದು ಬರೆದರೆ ಆ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಇದನ್ನು ಬಿಡಿಸಿದ ಉಪಾಯ ನನಗೆ ಇಂದಿಗೂ ಮೆಚ್ಚುಗೆ. ಕರಗುವುದಕ್ಕೆ ಬೇಕಾದದ್ದು ತಾಪಮಾನ, ಹರಳುಗಟ್ಟುವುದಕ್ಕೆ ತಾಪಮಾನದ ಜೊತೆಗೆ ಸಮಯವೂ ಬೇಕು. ಹಾಗಾಗಿ ಕಾಯಿಸುವ ವೇಗವನ್ನು ಬದಲಿಸಿದರೆ ಕರಗುವ ತಗ್ಗು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹರಳುಗಟ್ಟುವ ಉಬ್ಬು ಜರುಗುತ್ತದೆ. ನಿಮಿಷಕ್ಕೆ ಎರಡು ಡಿಗ್ರಿಯಂತೆ ಕಾಯಿಸಿದಾಗ ಪಿಎಲ್‌ಎಗೆ ಧಾರಾಳ ಸಮಯ ಸಿಕ್ಕಿ ಅದರ ಉಬ್ಬು ನೂರರ ಕಡೆಗೆ ಇಳಿಯಿತು. 114ರ ಬಳಿ ಪಿಬಿಎಸ್‌ನ ಪುಟ್ಟ ತಗ್ಗು ಒಂಟಿಯಾಗಿ, ಸ್ಪಷ್ಟವಾಗಿ ನಿಂತಿತು. ಇನ್ನೊಂದು ಕೊನೆಯಿಂದಲೂ ಪರೀಕ್ಷಿಸಿದೆ. ತುಂಬಾ ವೇಗವಾಗಿ ಕಾಯಿಸಿದಾಗ ಪಿಎಲ್‌ಎಗೆ ಹರಳುಗಟ್ಟಲು ಪುರುಸೊತ್ತೇ ಸಿಗದೆ ಉಬ್ಬು ಬಹುತೇಕ ಮಾಯವಾಯಿತು, ಪಿಬಿಎಸ್‌ನ ತಗ್ಗು ಅಲ್ಲೇ ಉಳಿಯಿತು. ಈಗ ಯಾವ ಶಾಖ ಯಾರದ್ದು ಎಂದು ನಂಬಿಕೆಯಿಂದ ಹೇಳಬಹುದಾಗಿತ್ತು.

ಲೆಕ್ಕದ ಬಗ್ಗೆಯೂ ಎರಡು ಮಾತು ಹೇಳಲೇಬೇಕು, ಏಕೆಂದರೆ ಪ್ರಕಟವಾದ ಅಂಕಿಗಳನ್ನು ಹೋಲಿಸುವಾಗ ನಾನು ಬಹಳ ಸಂಕಟಪಟ್ಟಿದ್ದೇನೆ. ಪಿಎಲ್‌ಎ ಪೂರ್ತಿ ಹರಳಾಗಿದ್ದರೆ ಕರಗಲು ಪ್ರತಿ ಗ್ರಾಂಗೆ 93 ಜೂಲ್ ಬೇಕು ಎಂಬ ಅಂಕಿ ವ್ಯಾಪಕ ಬಳಕೆಯಲ್ಲಿದೆ. ಮಾದರಿ ಕರಗುವಾಗ ಹೀರಿದ ಶಾಖದಿಂದ, ಅದೇ ಕಾಯಿಸುವಿಕೆಯಲ್ಲಿ ಹರಳುಗಟ್ಟುವಾಗ ಬಿಟ್ಟ ಶಾಖವನ್ನು ಕಳೆದು, ಈ 93ರಿಂದಲೂ ಮಿಶ್ರಣದಲ್ಲಿರುವ ಪಿಎಲ್‌ಎ ಪಾಲಿನಿಂದಲೂ ಭಾಗಿಸಬೇಕು. ಪಿಬಿಎಸ್‌ಗಾದರೋ ಒಮ್ಮತವಿಲ್ಲ. ಕೆಲವರು 110 ಜೂಲ್ ಹಿಡಿಯುತ್ತಾರೆ, ಕೆಲವರು 200. ಒಂದೇ ಮಾದರಿಯ ಹರಳಿನ ಪ್ರಮಾಣ ಇದರಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು! ಯಾವ ಅಂಕಿ ಬಳಸಿದೆವೆಂದು ಬರೆಯದ ಕೋಷ್ಟಕವನ್ನು ನಾನು ಈಗ ಓದುವುದೇ ಇಲ್ಲ.

ಪಿಎಲ್‌ಎ ಬೇಗ ಹರಳುಗಟ್ಟಿತು ಎಂದು ಡಿಎಸ್‌ಸಿ ಹೇಳಿತು. ಏಕೆ ಎಂದು ಹೇಳಲಿಲ್ಲ. ಹರಳುಗಟ್ಟುವಿಕೆಯಲ್ಲಿ ಎರಡು ಹಂತಗಳಿವೆ: ಮೊದಲು ಕೇಂದ್ರ ಹುಟ್ಟಬೇಕು, ಆಮೇಲೆ ಅದು ಬೆಳೆಯಬೇಕು. ಕಾಸಿದ ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದೆ, ಫ್ರಿಜ್ಜಿನಲ್ಲಿ ತಟ್ಟನೆ ತಣಿದರೆ ನುಣ್ಣಗೆ ಹೆಪ್ಪುಗಟ್ಟುತ್ತದೆ. ಕೇಂದ್ರಗಳು ಕಡಿಮೆ ಇದ್ದರೆ ದಪ್ಪ ಕಾಳು, ಹೆಚ್ಚಿದ್ದರೆ ಸಣ್ಣ ಕಾಳು. ಪಿಬಿಎಸ್ ಇದ್ದಾಗ ಕೇಂದ್ರಗಳು ಹೆಚ್ಚಾದವೇ, ಅಥವಾ ಬೆಳವಣಿಗೆ ಚುರುಕಾಯಿತೇ? ಇದನ್ನು ತಿಳಿಯಲು ಕಣ್ಣಿನಿಂದಲೇ ನೋಡಬೇಕು.

ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಇದಕ್ಕೆ ಹೇಳಿಮಾಡಿಸಿದ ಸಾಧನ: ಅದರಲ್ಲಿ ಕರಗಿದ ಪಾಲಿಮರ್ ಕಪ್ಪಾಗಿ, ಹರಳು ಬೆಳಗಿ ಕಾಣುತ್ತದೆ. ಈ ವಿದ್ಯೆಗೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯೇ ಇದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳ ದ್ರವ ಹರಳುಗಳನ್ನು (ದ್ರವದಂತೆ ಹರಿದರೂ ಅಣುಗಳಲ್ಲಿ ಹರಳಿನಂಥ ಕ್ರಮ ಇರುವ ವಸ್ತುಗಳನ್ನು) ಲೋಕಕ್ಕೆ ತೋರಿಸಿದ್ದು 1977ರಲ್ಲಿ. ಆ ಬಗೆಯ ವಸ್ತುಗಳನ್ನು ಗುರುತಿಸುವವರು ಇಂದಿಗೂ ಮೊದಲು ನೋಡುವುದು ಈ ಬೆಳಕಿನಲ್ಲೇ. ನಮ್ಮ ಊರಿನಲ್ಲೇ ಇಂಥದ್ದು ನಡೆದಿತ್ತು ಎಂಬುದು ಕತ್ತಲೆ ಕೋಣೆಯಲ್ಲಿ ಗಂಟೆಗಟ್ಟಲೆ ಕೂರುವವರಿಗೆ ಸಣ್ಣ ಬಲವಲ್ಲ.

ತೆಳ್ಳನೆಯ ಪದರವನ್ನು ಎರಡು ಗಾಜಿನ ಹಾಳೆಗಳ ನಡುವೆ ಕರಗಿಸಿ, ಬೇಕಾದ ತಾಪಮಾನಕ್ಕೆ ಕಾಯಿಸುವ ಹಾಟ್ ಸ್ಟೇಜ್ ಮೇಲಿಟ್ಟು, 200ರಿಂದ ನೇರವಾಗಿ 130 ಡಿಗ್ರಿಗೆ ಇಳಿಸಿ ಹಿಡಿಯುತ್ತೇನೆ. ದೃಶ್ಯ ಪೂರ್ತಿ ಕಪ್ಪು. ಸ್ವಲ್ಪ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮೂಡುತ್ತದೆ. ಚುಕ್ಕಿ ದುಂಡಗೆ ಹಿಗ್ಗುತ್ತಾ ಹೋದಂತೆ ಅದರ ನಡುವೆ ಕಪ್ಪು ಶಿಲುಬೆಯ ಗುರುತು ತೆರೆದುಕೊಳ್ಳುತ್ತದೆ. ಸರಪಳಿಗಳು ಕೇಂದ್ರದಿಂದ ಸುತ್ತಲೂ ಕ್ರಮವಾಗಿ ಜೋಡಣೆಯಾಗಿವೆ ಎಂಬುದಕ್ಕೆ ಆ ಶಿಲುಬೆಯೇ ಸಾಕ್ಷಿ. ಇವನ್ನು ಸ್ಫೆರುಲೈಟ್ ಎನ್ನುತ್ತಾರೆ. ಅವು ಬೆಳೆಯುವುದು ನಿಮಿಷಕ್ಕೆ ಕೆಲವೇ ಮೈಕ್ರಾನ್. ಎರಡು ಸ್ಫೆರುಲೈಟ್‌ಗಳು ಎದುರಾದಲ್ಲಿ ನೆಟ್ಟನೆಯ ಗಡಿಯೊಂದು ಬಿದ್ದು ಎರಡರ ಬೆಳವಣಿಗೆಯೂ ಅಲ್ಲಿಗೆ ನಿಲ್ಲುತ್ತದೆ.

ಮಿಶ್ರಣವನ್ನು ಇಟ್ಟಾಗ ಚುಕ್ಕಿಗಳ ಸಂಖ್ಯೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಆದರೆ ಒಂದೊಂದು ಸ್ಫೆರುಲೈಟಿನ ತ್ರಿಜ್ಯವನ್ನು ಸಮಯದೊಂದಿಗೆ ಅಳೆದು ಗ್ರಾಫ್ ಎಳೆದಾಗ ಬೆಳವಣಿಗೆಯ ವೇಗ ಬರಿಯ ಪಿಎಲ್‌ಎಯಲ್ಲಿ ಇದ್ದಷ್ಟೇ. ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಎಲ್ಲಕ್ಕಿಂತ ತೂಕದ ಫಲಿತಾಂಶ ಇದೇ. ಎರಡು ಪಾಲಿಮರ್‌ಗಳು ನಿಜಕ್ಕೂ ಒಂದರಲ್ಲೊಂದು ಕರಗಿದ್ದರೆ ಬೆಳವಣಿಗೆಯ ವೇಗ ಬದಲಾಗಬೇಕಿತ್ತು, ಪಿಎಲ್‌ಎಯ 60 ಡಿಗ್ರಿಯ ಮೆಟ್ಟಿಲೂ ಕೆಳಗೆ ಜಾರಬೇಕಿತ್ತು. ಎರಡೂ ಆಗಿರಲಿಲ್ಲ. ಹಾಗಾಗಿ ಪಿಬಿಎಸ್‌ನ ನೆರವು ಇರುವುದು ಹನಿಗಳ ಮೈಮೇಲೆ, ಎರಡು ಪಾಲಿಮರ್‌ಗಳು ತಾಗುವ ಮೇಲ್ಮೈಯಲ್ಲಿ. ಅಲ್ಲಿ ಪಿಎಲ್‌ಎಗೆ ಹೊಸ ಕೇಂದ್ರಗಳು ಹುಟ್ಟುತ್ತವೆ. ಬೆಳವಣಿಗೆಯಲ್ಲಿ ಪಿಬಿಎಸ್‌ನ ಕೈವಾಡ ಏನೂ ಇಲ್ಲ. ಗಮನಿಸಬೇಕಾದ ಇನ್ನೊಂದು ಅಂಶವಿದೆ. 130 ಡಿಗ್ರಿಯಲ್ಲಿ ಪಿಬಿಎಸ್ ಸ್ವತಃ ದ್ರವ. ಅದರ ಹರಳುಗಳು ಪಿಎಲ್‌ಎಗೆ ದಾರಿ ತೋರಿಸಿದವು ಎಂಬ ಸುಲಭದ ವಿವರಣೆ ಇಲ್ಲಿ ನಡೆಯುವುದಿಲ್ಲ. ಕರಗಿದ ಹನಿಯ ಮೇಲ್ಮೈಯೇ ಸಾಕಾಯಿತು.

ಪಿಎಲ್‌ಎಯ ಸ್ಫೆರುಲೈಟ್‌ಗಳು ಹನಿಗಳನ್ನು ಬದಿಗೆ ತಳ್ಳದೆ, ಸುತ್ತುವರಿದು ಮುಂದೆ ಸಾಗಿದವು. ಎಲ್ಲವೂ ತುಂಬಿದ ಮೇಲೆ ತಾಪಮಾನ ಇಳಿಸುತ್ತಾ ಬಂದೆ. ತೊಂಬತ್ತರ ಕೆಳಗೆ, ಅಷ್ಟೂ ಹೊತ್ತು ಮಂಕಾಗಿದ್ದ ಸ್ಫೆರುಲೈಟ್‌ಗಳ ಒಳಗಿನಿಂದ ಹೊಳಪು ಏರಿತು. ಒಳಗೆ ಸಿಕ್ಕಿಬಿದ್ದಿದ್ದ ಪಿಬಿಎಸ್ ಹನಿಗಳು ಹರಳುಗಟ್ಟಿದ್ದವು.

ಈ ಹನಿಗಳ ವರ್ತನೆಯೇ ಒಂದು ಅಧ್ಯಾಯವಾಯಿತು. ತಟ್ಟನೆ ತಣಿಸಿದ, ಹತ್ತೇ ಪಾಲು ಪಿಬಿಎಸ್ ಇರುವ ಮಾದರಿಯಲ್ಲಿ ಪಿಬಿಎಸ್ ತನ್ನ ಎಂದಿನ ತಾಪಮಾನದಲ್ಲಿ ಪೂರ್ತಿಯಾಗಿ ಹರಳುಗಟ್ಟಲಿಲ್ಲ. ಅದರಲ್ಲಿ ಒಂದಿಷ್ಟು ಅಲ್ಲೇ ಗಟ್ಟಿಯಾಯಿತು, ಉಳಿದದ್ದು ಇನ್ನೂ ಬಹಳ ಕೆಳಗಿನ ತಾಪಮಾನದವರೆಗೆ ದ್ರವವಾಗಿಯೇ ಉಳಿಯಿತು. ಕಾರಣ ಸೊಗಸಾಗಿದೆ. ಸಾಮಾನ್ಯವಾಗಿ ಹರಳು ಹುಟ್ಟುವುದು ಧೂಳಿನ ಕಣ, ವೇಗವರ್ಧಕದ ಉಳಿಕೆಯಂಥ ಕಲ್ಮಶದ ಮೇಲೆ. ದೊಡ್ಡ ಮುದ್ದೆಯಲ್ಲಿ ಒಂದು ಕಲ್ಮಶ ಇದ್ದರೂ ಅಲ್ಲಿ ಶುರುವಾದ ಹರಳು ಎಲ್ಲೆಡೆ ಹಬ್ಬುತ್ತದೆ. ಅದೇ ಮುದ್ದೆಯನ್ನು ಲಕ್ಷಾಂತರ ಹನಿಗಳಾಗಿ ಒಡೆದರೆ ಬಹಳಷ್ಟು ಹನಿಗಳ ಪಾಲಿಗೆ ಕಲ್ಮಶವೇ ಬರುವುದಿಲ್ಲ. ಅವು ತಾವಾಗಿಯೇ ಕೇಂದ್ರ ಹುಟ್ಟಿಸಿಕೊಳ್ಳುವಷ್ಟು ತಣಿಯಬೇಕು. ಆದರೆ ಸುತ್ತಲಿನ ಪಿಎಲ್‌ಎಯನ್ನು ಮೊದಲೇ ಹರಳುಗಟ್ಟಿಸಿ ಇಟ್ಟಿದ್ದ ಮಾದರಿಯಲ್ಲಿ ಈ ತಡ ಬಹುಮಟ್ಟಿಗೆ ಇಲ್ಲವಾಯಿತು. ಮೊದಲು ಪಿಬಿಎಸ್ ಹನಿಯ ಮೈ ಪಿಎಲ್‌ಎಗೆ ಕೇಂದ್ರ ಒದಗಿಸಿತ್ತು. ಈಗ ಪಿಎಲ್‌ಎಯ ಹರಳು ಪಿಬಿಎಸ್‌ಗೆ ಕೇಂದ್ರ ಒದಗಿಸಿತು. ಒಂದರಲ್ಲೊಂದು ಕರಗದ ಎರಡು ವಸ್ತುಗಳ ನಡುವೆ ಇಂಥ ಕೊಡುಕೊಳ್ಳುವಿಕೆ ಇದೆ ಎಂಬುದು ನನ್ನನ್ನು ಹಿಡಿದಿಟ್ಟ ಸಂಗತಿ. ಮಿಶ್ರಣ ಎಷ್ಟರ ಪ್ರಮಾಣದ್ದು ಎಂದಷ್ಟೇ ಹೇಳಿದರೆ ಸಾಲದು, ಅದನ್ನು ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ತಣಿಸಲಾಯಿತು ಎಂಬುದೂ ಗೊತ್ತಿರಬೇಕು.

ಒಂದೇ ತಾಪಮಾನದಲ್ಲಿ ಹಿಡಿದು ತೆಗೆದ ಅಳತೆಗಳನ್ನು ವಿಜ್ಞಾನಿ ಅವ್ರಾಮಿ 1939ರಿಂದ 1941ರ ನಡುವೆ ಪ್ರಕಟಿಸಿದ, ಸಮಯ ಕಳೆದಂತೆ ಎಷ್ಟು ಭಾಗ ಹರಳುಗಟ್ಟುತ್ತದೆ ಎಂದು ಹೇಳುವ ಸಮೀಕರಣಕ್ಕೆ ಹೊಂದಿಸಿದೆ. ಅದರ ಘಾತಾಂಕ ಮೂರರ ಸುತ್ತ ಬಂತು. ಕೇಂದ್ರಗಳು ಬಹುತೇಕ ಒಟ್ಟಿಗೇ ಹುಟ್ಟಿ, ಎಲ್ಲ ದಿಕ್ಕಿಗೂ ದುಂಡಗೆ ಬೆಳೆದರೆ ಬರಬೇಕಾದದ್ದು ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೂ ಅದು ತಾಳೆಯಾಯಿತು. ಇಲ್ಲಿ ಶುರುವಿನ ಭಾಗವನ್ನು, ಅಂದರೆ ಶೇ. 3ರಿಂದ 20ರಷ್ಟು ಪರಿವರ್ತನೆಯವರೆಗಿನದನ್ನು ಮಾತ್ರ ಹೊಂದಿಸಬೇಕು. ಆಮೇಲೆ ಸ್ಫೆರುಲೈಟ್‌ಗಳು ಒಂದಕ್ಕೊಂದು ತಾಗಿ ಸಮೀಕರಣದ ಊಹೆಗಳು ಸಡಿಲಗೊಳ್ಳುತ್ತವೆ.

ಪಿಬಿಎಸ್ ಒಂದರಿಂದಲೇ ಪೀಣ್ಯದವರ ಅರ್ಧ ನಿಮಿಷಕ್ಕೆ ತಲುಪಲಾಗುವುದಿಲ್ಲ ಎಂಬುದು ಈ ಹೊತ್ತಿಗೆ ತಿಳಿದಿತ್ತು. ನೂರಕ್ಕೆ ಒಂದು ಪಾಲು ನುಣುಪಾದ ಟಾಲ್ಕ್ ಪುಡಿ ಸೇರಿಸಿದೆವು. ಟಾಲ್ಕ್ ಪಿಎಲ್‌ಎಗೆ ಕೇಂದ್ರ ಒದಗಿಸುವ ಅಗ್ಗದ, ಬಹುಕಾಲದಿಂದ ಬಳಕೆಯಲ್ಲಿರುವ ಖನಿಜ. ಅಚ್ಚನ್ನು ಎಣ್ಣೆ ಹಾಯಿಸಿ ನೂರು ಡಿಗ್ರಿಯ ಬಳಿ ಇಟ್ಟು ಅವರ ಘಟಕದಲ್ಲೇ ಚಮಚಗಳನ್ನು ತೆಗೆದೆವು. ನಿಮಿಷಗಳ ಲೆಕ್ಕ ಒಂದು ನಿಮಿಷದ ಒಳಗೆ ಬಂತು, ಅರ್ಧ ನಿಮಿಷಕ್ಕೆ ಬರಲಿಲ್ಲ. ಮಾಲೀಕರು ಕ್ಯಾಂಟೀನಿನಿಂದ ಕುದಿಯುವ ಸಾರು ತರಿಸಿ ಚಮಚ ಅದ್ದಿ ನೋಡಿದರು. ಬಾಗಲಿಲ್ಲ. ತಣ್ಣನೆಯ ಅಚ್ಚಿನಲ್ಲಿ ತೆಗೆದದ್ದು ಅದೇ ಸಾರಿನಲ್ಲಿ ಡೊಂಕಾಯಿತು. "ಇದನ್ನು ನಂಬಬಹುದು ಮೇಡಂ. ಇನ್ನೂ ಸ್ವಲ್ಪ ಬೇಗ ಆಗುವ ಹಾಗೆ ಮಾಡಿ" ಎಂದರು.

ಬೇಗ ಮಾಡುವುದರ ಜೊತೆಗೆ ಇನ್ನೊಂದು ಪ್ರಶ್ನೆ ನನ್ನ ತಲೆಯಲ್ಲಿದೆ. ನೀರು ಪಾಲಿಎಸ್ಟರಿನ ಸರಪಳಿಗಳನ್ನು ಮೊದಲು ಕತ್ತರಿಸುವುದು ಹರಳಲ್ಲದ ಭಾಗದಲ್ಲಿ. ಹಾಗಾಗಿ ಬಿಸಿ ಸಾರಿಗೆ ಬಾಗದ ಚಮಚ ಗೊಬ್ಬರದಲ್ಲಿಯೂ ತಡವಾಗಿ ಕರಗಬಹುದು. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ನಮ್ಮಲ್ಲಿ ಐಎಸ್/ಐಎಸ್‌ಒ 17088 ಮಾನದಂಡ ಇದೆ. ಅದರ ಪ್ರಕಾರ 180 ದಿನಗಳೊಳಗೆ ಶೇ. 90ರಷ್ಟು ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಬೇಕು. 12 ವಾರಗಳ ನಂತರ 2 ಮಿಲಿಮೀಟರ್ ಜರಡಿಯಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಉಳಿಯಬಾರದು. ಪರೀಕ್ಷೆ ನಡೆಯುವುದು 58 ಡಿಗ್ರಿಯ ಬಿಸಿ ಗೊಬ್ಬರದಲ್ಲಿ. ಮನೆಯ ಹಿತ್ತಲಿನ ಗುಂಡಿ ಅಷ್ಟು ಬಿಸಿಯನ್ನು ಹಿಡಿದಿಡುವುದಿಲ್ಲ. ಹಸಿರು ಅಕ್ಷರದಲ್ಲಿ ಗೊಬ್ಬರವಾಗುತ್ತದೆ ಎಂದು ಬರೆದ ಚೀಲವನ್ನು ಮೋರಿಗೆ ಎಸೆಯುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿಲ್ಲ, ಹೇಳುತ್ತಲೇ ಇರುತ್ತೇನೆ.

58 ಡಿಗ್ರಿ ಎಂದರೆ ಪಿಎಲ್‌ಎಯ ಸರಪಳಿಗಳಿಗೆ ಚಲನೆ ಬರುವ ತಾಪಮಾನದ ಹೊಸ್ತಿಲು. ಗೊಬ್ಬರದಲ್ಲಿಟ್ಟ ಪಾರದರ್ಶಕ ತುಂಡುಗಳು ಕೆಲವೇ ದಿನಗಳಲ್ಲಿ ಬೆಳ್ಳಗಾದವು. ನೀರು ಸರಪಳಿಗಳನ್ನು ತುಂಡರಿಸುತ್ತಾ ಹೋದಂತೆ ಗಿಡ್ಡಗಾದ ತುಂಡುಗಳು ಅಲ್ಲೇ ಹರಳುಗಟ್ಟುತ್ತಿದ್ದವು. ಅವು ಮೊದಲು ಬಿರುಕುಬಿಟ್ಟು ಪುಡಿಯಾದವು. ಬಿಸಿ ಅಚ್ಚಿನ ಚಮಚಗಳು ಹಿಂದೆ ಉಳಿದವು, ಆದರೆ ಅಂಚುಗಳು ಉದುರಲು ಶುರುವಾಗಿದೆ. ಹನ್ನೆರಡು ವಾರ ತುಂಬುವ ದಿನ ಜರಡಿ ಹಿಡಿಯಬೇಕು. ಅಷ್ಟರಲ್ಲಿ ಟಾಲ್ಕಿನ ಪ್ರಮಾಣ ಬದಲಿಸಿದ ಹೊಸ ಬ್ಯಾಚ್ ಪೀಣ್ಯದ ಅಚ್ಚಿಗೆ ಹೋಗುತ್ತದೆ.